ಹಳೆಯ ಮೋಟಾರ್ ಸೈಕಲ್ಲಿನ ಜೀರ್ಣೋದ್ಧಾರ

ಸಂಡೂರಿನ ಬೆಟ್ಟಗಳು ಕೆಂಪಾಗಿರುವುದು ಕಬ್ಬಿಣದಿಂದ. ಆಮ್ಲಜನಕದೊಡನೆ ಕೂಡಿದ ಕಬ್ಬಿಣವೇ ಅಲ್ಲಿ ಅದಿರಾಗಿ ಮಲಗಿದೆ. ಅದನ್ನು ಅಗೆದು, ಕುಲುಮೆಯಲ್ಲಿ ಕಾಯಿಸಿ, ಆಮ್ಲಜನಕವನ್ನು ಬಿಡಿಸಿದರೆ ಲೋಹ ಕೈಗೆ ಬರುತ್ತದೆ. ಆ ಲೋಹವನ್ನು ಮತ್ತೆ ಮಳೆಗೂ ಗಾಳಿಗೂ ಒಪ್ಪಿಸಿದರೆ ಅದು ಪುನಃ ಆಮ್ಲಜನಕವನ್ನು ಕೂಡಿಕೊಂಡು ಕೆಂಪಾಗುತ್ತದೆ. ಅದನ್ನೇ ನಾವು ತುಕ್ಕು ಎನ್ನುತ್ತೇವೆ. ತುಕ್ಕೆಂದರೆ ಕಬ್ಬಿಣವು ತನ್ನ ತವರಿಗೆ ಹಿಂತಿರುಗುವ ದಾರಿ ಎಂದರೆ ತಪ್ಪಾಗಲಾರದು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುಮಾರ್ಗದ ಮೇಲಿರುವ ನಮ್ಮ ಯಶವಂತನಗರದಂಥ ಊರುಗಳಲ್ಲಿ ಈ ಮಾತು ಕೇವಲ ಅಲಂಕಾರವಲ್ಲ. ಅದಿರಿನ ಧೂಳು ಬೀಳುವ ಹಿತ್ತಿಲಿನಲ್ಲಿ, ದನದ ಕೊಟ್ಟಿಗೆಯ ಮಗ್ಗುಲಲ್ಲಿ, ಗೋಣಿತಾಟು ಹೊದ್ದುಕೊಂಡು ವರ್ಷಗಟ್ಟಲೆ ನಿಂತ ಹಳೆಯ ಮೋಟಾರ್ ಸೈಕಲ್ಲು ಬೆಟ್ಟದ ಬಣ್ಣಕ್ಕೆ ತಿರುಗುತ್ತಿರುವುದನ್ನು ಕಣ್ಣಾರೆ ಕಾಣಬಹುದು. ಅಂಥ ಒಂದು ಯಂತ್ರವನ್ನು ಮನೆಯಲ್ಲೇ, ಕೈಯಲ್ಲಿರುವ ಅಲ್ಪ ಹಣದಲ್ಲಿ, ಮತ್ತೆ ನಡೆಯುವಂತೆ ಮಾಡುವ ಬಗೆ ಹೇಗೆ? ಅದಕ್ಕಿಂತ ಮೊದಲು, ಏಕೆ? ಇವೆರಡನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಏಕೆ ಎಂಬುದಕ್ಕೆ ಉತ್ತರ ಆ ಯಂತ್ರದ ಹುಟ್ಟಿನಲ್ಲಿದೆ. ಕರ್ನಾಟಕದ ಹಿತ್ತಿಲುಗಳಲ್ಲಿ ಹೀಗೆ ನಿಂತ ವಾಹನಗಳಲ್ಲಿ ಹಲವು ಜಾವಾ ಅಥವಾ ಎಜ್ಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡು ತಯಾರಿಕೆ ಪ್ರಾರಂಭಿಸಿದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. 1960ರಲ್ಲಿ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರ ಹೊತ್ತಿಗೆ ವಾಹನಗಳು ಸಿದ್ಧವಾಗತೊಡಗಿದವು. 1973ರಿಂದ ಅವು ಎಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ಇರಾನ್ ದೇಶದ ಯಜ್ದ್ ಎಂಬ ಊರಿನ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಎಜ್ಡಿ ಎಂಬ ಹೆಸರೂ ಬೇರೊಂದು ಕಂಪನಿಯಿಂದ ಮತ್ತೆ ಪೇಟೆಗೆ ಬಂದವಾದರೂ ಆ ವಾಹನಗಳ ಎಂಜಿನ್ನಿಗೂ ಹಳೆಯದಕ್ಕೂ ಸಂಬಂಧವಿಲ್ಲ. ಹಳೆಯ ಜಾವಾ ನಮ್ಮ ನಾಡಿನ ಕಾರ್ಮಿಕರು ಮಾಡಿದ ಯಂತ್ರ, ಇನ್ನೊಂದು ಹುಟ್ಟುವುದಿಲ್ಲ. ಒಂದನ್ನು ಗುಜರಿಗೆ ಹಾಕಿದರೆ ಅಷ್ಟರಮಟ್ಟಿಗೆ ಸಂಖ್ಯೆ ಇಳಿಯಿತೆಂದೇ ಅರ್ಥ.

ಜೀರ್ಣೋದ್ಧಾರ ಎಂಬ ಶಬ್ದವನ್ನು ನಾವು ದೇವಾಲಯಗಳಿಗೆ ಬಳಸುತ್ತೇವೆ. ಅದರಲ್ಲಿ ಎರಡು ಬಗೆ ಉಂಟು. ಹಳೆಯ ಗೋಡೆಗೆ ಎಣ್ಣೆಬಣ್ಣ ಬಳಿದು, ಶಿಲೆಯ ಮೇಲೆ ಹೊಳೆಯುವ ಟೈಲ್ಸ್ ಅಂಟಿಸಿ, ಗುರುತೇ ಸಿಗದಂತೆ ಮಾಡುವುದು ಒಂದು. ಹಂಪಿಯ ಮಂಟಪಗಳಲ್ಲಿ ಕಾಣುವುದು ಇನ್ನೊಂದು: ಬಿರುಕುಬಿಟ್ಟ ತೊಲೆಯ ಕೆಳಗೆ ಆಸರೆಗೆಂದು ನಿಲ್ಲಿಸಿದ ಹೊಸ ಕಂಬ ಕೆತ್ತನೆಯಿಲ್ಲದೆ ಬೋಳಾಗಿ ನಿಂತಿರುತ್ತದೆ. ಅದು ಹಳೆಯದೆಂದು ನಟಿಸುವುದಿಲ್ಲ. ಭಾರವನ್ನು ಮಾತ್ರ ಹೊರುತ್ತದೆ. ಗ್ರಂಥಸಂಪಾದನೆ ಮಾಡಿದವರಿಗೂ ಈ ಭೇದ ಗೊತ್ತು. ಓಲೆಗರಿಯಲ್ಲಿ ಹುಳು ತಿಂದ ಅಕ್ಷರದ ಜಾಗದಲ್ಲಿ ಸಂಪಾದಕನು ತನ್ನ ಕವಿತ್ವವನ್ನು ತುಂಬಲಾರನು. ತುಂಬಿದರೆ ಕಂಸದಲ್ಲಿ ತೋರಿಸುತ್ತಾನೆ. ಮೋಟಾರ್ ಸೈಕಲ್ಲಿನ ವಿಚಾರದಲ್ಲಿಯೂ ಇದೇ ಸೂತ್ರ ಸಲ್ಲುತ್ತದೆ. ಹೊಸದರಂತೆ ಕಾಣುವಂತೆ ಮಾಡುವುದು ನಮ್ಮ ಗುರಿಯಲ್ಲ. ಅದರ ಮೇಲೆ ಕುಳಿತವನು ನಂಬಬಹುದಾದಂತೆ ಮಾಡುವುದು ಗುರಿ. ಹಣ ಕಡಿಮೆಯಿರುವವನಿಗೆ ಈ ಸೂತ್ರ ಇನ್ನೂ ಉಪಕಾರಿ. ಎಲ್ಲಿ ಮೊದಲು ಖರ್ಚು ಮಾಡಬೇಕೆಂಬುದನ್ನು ಅದು ತಾನೇ ಹೇಳಿಕೊಡುತ್ತದೆ.

ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ಕಾಗದ ಹಿಡಿಯುವುದು. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಯಂತ್ರದ ಮೇಲೆ ಕೊರೆದ ಸಂಖ್ಯೆಗಳಿಗೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಅದು ದುಬಾರಿಯೇ. ಎಷ್ಟೋ ಮನೆಗಳಲ್ಲಿ ವಾಹನ ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಉಳಿದಿರುತ್ತದೆ. ನಿಯಮದ ಪ್ರಕಾರ ಮಾಲೀಕನು ತೀರಿಕೊಂಡ 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ವಾರಸುದಾರನು 31ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ದುಃಖದ ದಿನಗಳಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಆದರೆ ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮುನ್ನ ಈ ಗಂಟನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. 15 ವರ್ಷ ದಾಟಿದ ವಾಹನದ ನೋಂದಣಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರಲ್ಲಿ ಮೋಟಾರ್ ಸೈಕಲ್ಲಿಗೆ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ಮೀರಿದವಕ್ಕೆ 2,000 ರೂಪಾಯಿಯಾಯಿತು. 50 ವರ್ಷ ಮೀರಿದ ವಾಹನಗಳಿಗೆ 2021ರ ನಿಯಮದಂತೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯೂ ಉಂಟು. ಅದಕ್ಕೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬಡಪಾಯಿಗೆ ಸಾಮಾನ್ಯ ನವೀಕರಣವೇ ಸಾಕು.

ಕೊಳ್ಳುವವರಿಗೆ ಒಂದು ಮಾತು. ಸವೆದ ಭಾಗಗಳಿಗೆ ಹೆದರಬೇಡಿ, ಇಲ್ಲದ ಭಾಗಗಳಿಗೆ ಹೆದರಿ. ಸವೆದ ಪಿಸ್ಟನ್ನಿಗೆ ಬದಲಿ ಸಿಗುತ್ತದೆ. ಕಳೆದುಹೋದ ಮೂಲ ಟೂಲ್ ಬಾಕ್ಸಿನ ಮುಚ್ಚಳವನ್ನೋ ಹೆಡ್‌ಲೈಟಿನ ಉಂಗುರವನ್ನೋ ಹುಡುಕುತ್ತ ಬೆಂಗಳೂರು, ಮೈಸೂರುಗಳನ್ನು ಅಲೆಯಬೇಕಾಗುತ್ತದೆ.

ಇನ್ನು ಹಣದ ಲೆಕ್ಕ. ಇರುವ ಹಣ ಎಷ್ಟೇ ಆಗಲಿ, ಅದನ್ನು ಹತ್ತು ಪಾಲು ಮಾಡಿಕೊಳ್ಳುವುದು ಲೇಸು. ಮೂರು ಪಾಲು ಬ್ರೇಕು, ಟೈರು, ಚಕ್ರ, ಕೇಬಲ್ಲುಗಳಿಗೆ. ನಾಲ್ಕು ಪಾಲು ಎಂಜಿನ್ನಿಗೆ. ಒಂದು ಪಾಲು ವಿದ್ಯುತ್ತಿನ ಕೆಲಸಕ್ಕೆ. ಒಂದು ಪಾಲು ಕಾಗದಪತ್ರ, ವಿಮೆಗಳಿಗೆ. ಕೊನೆಯದೊಂದನ್ನು ಮುಟ್ಟದೆ ಇಡಬೇಕು; ಬಿಚ್ಚಿದ ಮೇಲೆ ಒಳಗಿನಿಂದ ಎದ್ದುಬರುವ ಖರ್ಚು ಅದನ್ನು ತಾನೇ ಕೇಳಿ ಪಡೆಯುತ್ತದೆ. ಈ ಲೆಕ್ಕದಲ್ಲಿ ಬಣ್ಣಕ್ಕೆ ಪಾಲಿಲ್ಲವೆಂಬುದನ್ನು ಗಮನಿಸಬೇಕು. ಬಣ್ಣ ಹಚ್ಚಿದ ಮೇಲೆ ಹಣ ಮುಗಿದು, ಸವೆದ ಬ್ರೇಕಿನಲ್ಲಿಯೇ ರಸ್ತೆಗಿಳಿದ ವಾಹನಗಳು ಹೊಳೆಯುತ್ತವೆ ನಿಜ. ಆದರೆ ಮುಂದೆ ಹೋಗುವ ಅದಿರಿನ ಲಾರಿ ಫಕ್ಕನೆ ನಿಂತಾಗ ಹೊಳಪು ಕೈಹಿಡಿಯುವುದಿಲ್ಲ.

ಬಿಚ್ಚುವ ಕೆಲಸಕ್ಕೆ ಬೇಕಾದುದು ಬಲವಲ್ಲ, ಕ್ರಮ. ಪ್ರತಿಯೊಂದು ಭಾಗವನ್ನು ಬಿಚ್ಚುವ ಮೊದಲು ಒಂದು ಫೋಟೋ. ಈಗ ಎಲ್ಲರ ಕೈಯಲ್ಲಿಯೂ ಕ್ಯಾಮರಾ ಇದೆ. ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಮುಂದಿನ ಚಕ್ರದ್ದು ಒಂದರಲ್ಲಿ, ಕಾರ್ಬುರೇಟರಿನದು ಒಂದರಲ್ಲಿ, ಹೀಗೆ ಚೀಟಿ ಬರೆದು ಇಡಬೇಕು. ಒಂದು ನೋಟ್ ಪುಸ್ತಕದಲ್ಲಿ ಯಾವ ವಾಷರು ಯಾವುದರ ಕೆಳಗಿತ್ತು ಎಂಬುದನ್ನು ಬರೆದುಕೊಳ್ಳಬೇಕು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವವನು ಜಾಣ. ಸುತ್ತಿಗೆಯಿಂದ ಹೊಡೆದು ತಲೆ ಮುರಿದವನಿಗೆ ಲೇತ್ ಷಾಪಿನ ದಾರಿ ಖಂಡಿತ. ಎಂಜಿನ್ನು ಜಾಮ್ ಆಗಿದ್ದರೂ ಇದೇ ನೀತಿ. ಕಿಕ್ಕಿನ ಮೇಲೆ ನಿಂತು ತುಳಿಯಬಾರದು. ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಆ ರಂಧ್ರದಿಂದ ಡೀಸೆಲ್ ಬೆರೆಸಿದ ಎಣ್ಣೆಯನ್ನು ಸಿಲಿಂಡರಿನೊಳಗೆ ಬಿಟ್ಟು ನಾಲ್ಕಾರು ದಿನ ಬಿಡಬೇಕು. ಆಮೇಲೆ ಗಿಯರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲನೆ ಆಡಿಸಿದರೆ ಎಷ್ಟೋ ಪಿಸ್ಟನ್ನುಗಳು ತಾವಾಗಿ ಬಿಡುತ್ತವೆ.

ತುಕ್ಕು ಬಿಡಿಸಲು ದುಬಾರಿ ದ್ರಾವಣಗಳೇ ಬೇಕೆಂದಿಲ್ಲ. ಹಿತ್ತಾಳೆಯ ಬಿಂದಿಗೆಯನ್ನು ಹುಣಿಸೆಹಣ್ಣಿನಿಂದ ಬೆಳಗುವ ನಮ್ಮ ಹೆಣ್ಣುಮಕ್ಕಳಿಗೆ ಹುಳಿಯು ಲೋಹದ ಕಿಲುಬನ್ನು ತಿನ್ನುತ್ತದೆಂಬ ರಸಾಯನಶಾಸ್ತ್ರ ಎಂದಿನಿಂದಲೋ ಗೊತ್ತು. ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ಹರಳನ್ನು ಕರಗಿಸಿದ ಬಿಸಿನೀರನ್ನು ತುಂಬಿ, ಒಂದೆರಡು ದಿನ ಬಿಟ್ಟು, ಒಂದು ಹಿಡಿ ಚಿಕ್ಕ ನಟ್ಟುಗಳನ್ನು ಹಾಕಿ ಕುಲುಕಿದರೆ ಕೆಂಪುನೀರು ಹೊರಬರುತ್ತದೆ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಬೇಕು. ಅನಂತರ ಅಡಿಗೆ ಸೋಡಾದ ನೀರಿನಿಂದ ಹುಳಿಯನ್ನು ಶಮನಗೊಳಿಸಿ, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ತಡಮಾಡದೆ ಒಳಗೆಲ್ಲ ಎಣ್ಣೆ ಸವರಬೇಕು. ಇಲ್ಲವಾದರೆ ಶುದ್ಧವಾದ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಟ್ಯಾಂಕು ತೂತಾಗಿದ್ದರೆ ಅದನ್ನು ಹಾಗೆಯೇ ವೆಲ್ಡಿಂಗಿಗೆ ಒಯ್ಯಬಾರದು. ಪೆಟ್ರೋಲು ಖಾಲಿಯಾದರೂ ಅದರ ಆವಿ ಉಳಿದಿರುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಸಿಡಿಯುವುದು ಹೆಚ್ಚು. ಆ ಆವಿಯನ್ನು ಪೂರ್ತಿ ಹೊರಹಾಕುವ ಕ್ರಮ ಬಲ್ಲ ಅನುಭವಿಗೆ ಮಾತ್ರ ಆ ಕೆಲಸ ಒಪ್ಪಿಸಬೇಕು.

ಮೊದಲ ಮೂರು ಪಾಲು ಹಣ ಹೋಗಬೇಕಾದ ಜಾಗಕ್ಕೆ ಬರೋಣ. ಈ ವಾಹನಗಳಿಗೆ ಎರಡೂ ಕಡೆ ಡ್ರಮ್ ಬ್ರೇಕು. ಡ್ರಮ್ಮಿನೊಳಗಿನ ಅರ್ಧಚಂದ್ರಾಕಾರದ ಷೂಗಳ ಮೇಲೆ ಅಂಟಿಸಿದ ಲೈನಿಂಗು ಸವೆದಿದ್ದರೆ ಹಳೆಯ ಷೂಗಳಿಗೇ ಹೊಸ ಲೈನಿಂಗು ಕೂರಿಸಿಕೊಡುವವರು ಹೊಸಪೇಟೆಯಂಥ ಊರುಗಳಲ್ಲಿದ್ದಾರೆ. ಹಳೆಯ ಲೈನಿಂಗಿನ ಪುಡಿಯನ್ನು ಬಾಯಿಂದ ಊದಬಾರದು. ಆ ಕಾಲದ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಎಸೆಯಬೇಕು. ಟೈರಿನ ಗೆರೆಗಳು ಆಳವಾಗಿದ್ದರೂ ಮೋಸ ಹೋಗಬಾರದು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ರಬ್ಬರು ಕಲ್ಲಿನಂತಾಗಿ ರಸ್ತೆಯನ್ನು ಹಿಡಿಯುವುದನ್ನು ಮರೆತಿರುತ್ತದೆ. ಪಕ್ಕಗಳಲ್ಲಿ ಕೂದಲೆಳೆಯ ಬಿರುಕು ಕಂಡರೆ ಟೈರನ್ನು ಬದಲಿಸಲೇಬೇಕು. ಬ್ರೇಕಿನ ಮತ್ತು ಕ್ಲಚ್ಚಿನ ತಂತಿಗಳು ಹೊಸವಾಗಿರಲಿ. ಓರೆಯಾದ ಚಕ್ರವನ್ನು ಕಡ್ಡಿ ಬಿಗಿದು ನೆಟ್ಟಗೆ ಮಾಡುವ ಕಲೆ ಸೈಕಲ್ ಅಂಗಡಿಯ ಹಿರಿಯರ ಕೈಯಲ್ಲಿ ಇನ್ನೂ ಉಳಿದಿದೆ.

ಎಂಜಿನ್ನಿನ ಕೆಲಸ ತಿಳಿಯಬೇಕಾದರೆ ಅದರ ಉಸಿರಾಟವನ್ನು ಅರಿಯಬೇಕು. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಪ್ರಸಿದ್ಧವಾದ 250 ಮಾದರಿಯಲ್ಲಿ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಸಿಲಿಂಡರು ಒಂದೇ, ಹೊಗೆಕೊಳವೆ ಎರಡು. ಕಿಕ್ ಕೋಲೂ ಗಿಯರ್ ಕೋಲೂ ಒಂದೇ ಆಗಿರುವುದು ಅದರ ಇನ್ನೊಂದು ವೈಶಿಷ್ಟ್ಯ. ಇದಕ್ಕೆ ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆ ಗಾಳಿ ಮತ್ತು ಪೆಟ್ರೋಲನ್ನು ಹೀರುತ್ತದೆ. ಇಳಿಯುವಾಗ ಅದನ್ನು ಅದುಮಿ ಮೇಲಕ್ಕೆ ತಳ್ಳುತ್ತದೆ. ಅಂದರೆ ಕೆಳಗಿನ ಕೋಣೆಯು ತಿದಿಯಿದ್ದಂತೆ. ತಿದಿಯ ಚರ್ಮ ಹರಿದರೆ ಕುಲುಮೆ ಉರಿಯದು. ಇಲ್ಲಿ ಆ ಚರ್ಮದ ಕೆಲಸ ಮಾಡುವುದು ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. ನಿಂತು ನಿಂತು ಅವು ಒಣಗಿ ಬಿರುಸಾಗಿರುತ್ತವೆ. ಡೈನಮೋ ಕಡೆಯ ಸೀಲು ಸೋತರೆ ಹೊರಗಾಳಿ ಒಳನುಗ್ಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಎಂಜಿನ್ನು ಮಿತಿಮೀರಿ ಕಾದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಕ್ಲಚ್ಚಿನ ಕಡೆಯದು ಸೋತರೆ ಗಿಯರ್ ಎಣ್ಣೆ ಒಳಗೆ ಹೀರಲ್ಪಟ್ಟು ದಟ್ಟವಾದ ಬಿಳಿಹೊಗೆ ಬರುತ್ತದೆ. ಎಷ್ಟೋ ಜನ ಈ ಹೊಗೆಯನ್ನು ಕಂಡು ಪಿಸ್ಟನ್ನು ಬದಲಿಸಿ ಹಣ ಕಳೆದುಕೊಳ್ಳುತ್ತಾರೆ. ರೋಗ ಇರುವುದು ಅಗ್ಗದ ಒಂದು ರಬ್ಬರ್ ಬಳೆಯಲ್ಲಿ.

ಅದಿರು ನಾಡಿನ ವಾಹನಗಳಿಗೆ ಇನ್ನೊಂದು ಕಷ್ಟವುಂಟು. ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಕ್ಕಸಾಲಿಗರೂ ಕನ್ನಡಕದ ಗಾಜು ಮಾಡುವವರೂ ಮೆರುಗು ಕೊಡಲು ಬಳಸುತ್ತಾರೆ. ಆ ಕುಲದ ಧೂಳೇ ಹರಿದ ಏರ್ ಫಿಲ್ಟರಿನ ಮೂಲಕ ಒಳಹೋದರೆ ಸಿಲಿಂಡರಿಗೂ ಅದೇ ಉಪಚಾರ ಮಾಡುತ್ತದೆ. ಕ್ರ್ಯಾಂಕ್ ಕೋಣೆಯ ಮೂಲಕವೇ ಉಸಿರಾಡುವ ಟೂ ಸ್ಟ್ರೋಕಿನಲ್ಲಿ ಬೇರಿಂಗುಗಳಿಗೂ ಆ ಧೂಳು ತಾಗುತ್ತದೆ. ಆದುದರಿಂದ ಏರ್ ಫಿಲ್ಟರನ್ನು ಶುಚಿಯಾಗಿಡುವುದು ಎಲ್ಲಕ್ಕಿಂತ ಅಗ್ಗದ ರಕ್ಷೆ. ಸವೆದ ಸಿಲಿಂಡರನ್ನು ಅಳೆದು ನೋಡದೆ ಬೋರಿಂಗಿಗೆ ಕೊಡಬಾರದು. ಪ್ರತಿ ಸಲ ಕಾಲು ಮಿಲಿಮೀಟರಿನಂತೆ ಹಿಗ್ಗಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಹಾಕುವುದು ರೂಢಿ. ಆ ಮೆಟ್ಟಿಲುಗಳು ಕೆಲವೇ ಕೆಲವು. ಅವು ಮುಗಿದ ಮೇಲೆ ಹೊಸ ಸ್ಲೀವ್ ಕೂರಿಸಬೇಕಾಗುತ್ತದೆ. ಸಿಲಿಂಡರಿನ ಆಯುಷ್ಯವನ್ನು ಅವಸರದಲ್ಲಿ ಕರಗಿಸಬಾರದು. ಬೋರಿಂಗು, ಕ್ರ್ಯಾಂಕಿನ ದುರಸ್ತಿ ಇವೆರಡು ಮನೆಯ ಕೆಲಸಗಳಲ್ಲ. ಅವನ್ನು ಬಲ್ಲ ಮೇಸ್ತ್ರಿಗೆ ಕೊಟ್ಟು, ಮಿಕ್ಕ ಬಿಚ್ಚುವ, ತೊಳೆಯುವ, ಜೋಡಿಸುವ ಕೆಲಸವನ್ನು ತಾನೇ ಮಾಡಿದರೆ ಕೂಲಿಯ ದೊಡ್ಡ ಭಾಗ ಉಳಿಯುತ್ತದೆ.

ಕಾರ್ಬುರೇಟರಿನ ಸಣ್ಣ ಜೆಟ್ಟುಗಳನ್ನು ಗುಂಡುಸೂಜಿಯಿಂದ ಚುಚ್ಚಬಾರದು. ಮೆದುವಾದ ಹಿತ್ತಾಳೆಯ ಜೆಟ್ಟಿನ ರಂಧ್ರ ಹಿಗ್ಗಿದರೆ ಪೆಟ್ರೋಲಿನ ಅಳತೆಯೇ ತಪ್ಪುತ್ತದೆ. ನೈಲಾನ್ ಎಳೆಯೊಂದು ಸಾಕು. ಹೊಗೆಕೊಳವೆಯ ಒಳತಿರುಳನ್ನು ಎಳೆದು ಅದರ ಮಸಿಯನ್ನು ಕೆರೆಯದಿದ್ದರೆ ಎಷ್ಟು ಒಳ್ಳೆಯ ಎಂಜಿನ್ನಾದರೂ ಉಬ್ಬಸಪಡುತ್ತದೆ. ಈ ವಾಹನಗಳಲ್ಲಿ ಹಲವುಗಳ ವಿದ್ಯುತ್ತು 6 ವೋಲ್ಟಿನದು. ಶಕ್ತಿ ಅಲ್ಪವಾದುದರಿಂದ ತಂತಿಯ ತುದಿಗಳಲ್ಲಿ ಕುಳಿತ ಕಿಲುಬು ಕೂಡ ಅದಕ್ಕೆ ಭಾರ. ಬಿರಿದ ಹೊದಿಕೆಯ ತಂತಿಗಳನ್ನು ಬದಲಿಸಿ, ಪ್ರತಿಯೊಂದು ಕೂಡುವ ಜಾಗವನ್ನು ಉಜ್ಜಿ, ಒಂದು ಫ್ಯೂಸನ್ನು ಸೇರಿಸಿದರೆ ದೀಪವೂ ಬೆಳಗುತ್ತದೆ, ಬೆಂಕಿಯ ಭಯವೂ ತಪ್ಪುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಸೆಳೆಯುತ್ತದೆ, ಹಳೆಯ ಕಾಲದ ರಬ್ಬರು ಮತ್ತು ಬೆಂಡುಗಳನ್ನು ಹಾಳುಮಾಡುತ್ತದೆ. ಪೆಟ್ರೋಲ್ ಪೈಪು, ವಾಷರುಗಳನ್ನು ಈಗಿನ ಗುಣಮಟ್ಟದವಕ್ಕೆ ಬದಲಿಸುವುದು, ವಾಹನ ನಿಲ್ಲಿಸುವ ತಿಂಗಳುಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲನ್ನು ಹೊರತೆಗೆಯುವುದು ಇವೆರಡನ್ನೂ ರೂಢಿಸಿಕೊಳ್ಳಬೇಕು. ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸುವ ಹಳೆಯ ಪ್ರಮಾಣ 25ಕ್ಕೆ 1, ಎಂದರೆ ಲೀಟರಿಗೆ 40 ಮಿ.ಲೀ. ಹೊಸ ಪಿಸ್ಟನ್ನು ಪಳಗುವವರೆಗೆ ಲೀಟರಿಗೆ 50 ಮಿ.ಲೀ. ಹಾಕಿ, ವೇಗಕ್ಕೆ ಆಸೆಪಡದೆ, ನಡುನಡುವೆ ಎಂಜಿನ್ನನ್ನು ತಣಿಸುತ್ತ ಓಡಿಸಬೇಕು.

ಕಡೆಗೆ ಬಣ್ಣ. ಮೈಸೂರಿನ ಜಾವಾದ ಮರೂನ್ ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮಿನ ಹೊಳಪು, ಕೈಯಿಂದಲೇ ಎಳೆದಂತಿರುವ ಹೊನ್ನಿನ ಗೆರೆ ಇವು ನೋಡಿದವರ ಮನಸ್ಸಿನಿಂದ ಮಾಸುವುದಿಲ್ಲ. ಮೂಲ ಬಣ್ಣ ಮಸುಕಾಗಿ ಉಳಿದಿದ್ದರೆ ಅದನ್ನು ತೊಳೆದು ಮೇಣ ಹಚ್ಚಿ ಹಾಗೆಯೇ ಉಳಿಸಿಕೊಳ್ಳುವುದು ನನ್ನ ಮಟ್ಟಿಗೆ ಉತ್ತಮ ಮಾರ್ಗ. ಹೊಸ ಬಣ್ಣವನ್ನು ಎಂದು ಬೇಕಾದರೂ ಹಚ್ಚಬಹುದು. ಕೆರೆದು ತೆಗೆದ ಮೂಲವನ್ನು ಮತ್ತೆ ತರಲಾಗದು. ಕ್ರೋಮಿನ ಮೇಲಿನ ತುಕ್ಕಿನ ಚುಕ್ಕೆಗಳಿಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆಮಾಡಿ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದುದರಿಂದ ಗೀರು ಬೀಳುವುದಿಲ್ಲ.

ಹೊಗೆಯುಗುಳುವ ಹಳೆಯ ಯಂತ್ರವನ್ನು ಉಳಿಸುವುದು ಈ ಕಾಲಕ್ಕೆ ಒಪ್ಪುವುದೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಟೂ ಸ್ಟ್ರೋಕ್ ಎಂಜಿನ್ನು ಸುಡದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗೆ ಬಿಡುತ್ತದೆ. ದಿನವೂ ಪೇಟೆಬೀದಿಯಲ್ಲಿ ಓಡಿಸಲು ಅದು ತಕ್ಕುದಲ್ಲ. ವಾರಕ್ಕೊಮ್ಮೆ ನಾರಿಹಳ್ಳದ ಕಡೆಗೋ ಕುಮಾರಸ್ವಾಮಿ ಬೆಟ್ಟದ ದಾರಿಗೋ ಹೋಗಿಬರುವಷ್ಟಕ್ಕೆ ಅದರ ಬಾಳು ಸಾಕು. ಅದನ್ನು ಉಳಿಸುವುದರಿಂದ ಉಳಿಯುವುದು ವಾಹನವೊಂದೇ ಅಲ್ಲ. ಕಿವಿಯಿಂದ ಕೇಳಿಯೇ ಎಂಜಿನ್ನಿನ ರೋಗ ಹೇಳಬಲ್ಲ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ, ಅವರ ಬೆರಳುಗಳಲ್ಲಿದೆ. ಅವರ ಮುಂದೆ ಬಿಚ್ಚಿಡಲು ಒಂದು ಯಂತ್ರವಿದ್ದರೆ ಮಾತ್ರ ಆ ವಿದ್ಯೆ ಇನ್ನೊಬ್ಬರ ಬೆರಳಿಗೆ ದಾಟುತ್ತದೆ. ಓಲೆಗರಿಯ ಗ್ರಂಥಗಳು ಹಾಳಾದುದು ಹುಳುವಿನಿಂದ ಮಾತ್ರವಲ್ಲ. ಓದಬಲ್ಲವರು ಇಲ್ಲದಾದ ಮೇಲೆ ಅಟ್ಟದಲ್ಲಿ ಉಳಿದುದರಿಂದಲೂ ಹೌದು. ಆದುದರಿಂದ ಹಿತ್ತಿಲಿನಲ್ಲಿ ತಂದೆಯದೋ ಚಿಕ್ಕಪ್ಪನದೋ ವಾಹನವೊಂದು ನಿಂತಿದ್ದರೆ, ಗುಜರಿಯವನನ್ನು ಕೂಗುವ ಮೊದಲು ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿ. ಮನೆಯ ಹುಡುಗನೊಬ್ಬ ಅವರ ಪಕ್ಕದಲ್ಲಿ ಪಾನಾ ಹಿಡಿದು ಕುಳಿತಿರಲಿ.

(ಆಕಾಶವಾಣಿ ಭಾಷಣ)